ರಾಜಾ ಅಂಪಟ್‌ಗೆ ಡೈವಿಂಗ್ ಹೊರಡುವ ಮುನ್ನ: ಬ್ಯಾಗ್ ಕಟ್ಟುವ ಕ್ರಮ, ಎದೆ ಢವಢವಕ್ಕೆ ಉಪಾಯ

ರಾಜಾ ಅಂಪಟ್ ದ್ವೀಪಗಳಿಗೆ ಹೋಗಲು ಇಂಡೋನೇಷ್ಯಾದ ಪಪುವಾ ತುದಿಯಲ್ಲಿರುವ ಸೊರೊಂಗ್ ಬಂದರು ಬಿಟ್ಟ ಮೇಲೆ ಎಂಟು-ಹತ್ತು ರಾತ್ರಿ ಹಡಗೇ ಮನೆ. ದಿನಕ್ಕೆ ಮೂರ್ನಾಲ್ಕು ಡೈವ್. ಮರೆತು ಬಂದದ್ದನ್ನು ಕೊಳ್ಳೋಣ ಅಂದರೆ ಸುತ್ತ ನೀರು ಬಿಟ್ಟು ಬೇರೇನೂ ಇಲ್ಲ.

ನೇತ್ರಾಣಿಯಲ್ಲೋ ಅಂಡಮಾನಿನಲ್ಲೋ ಕಲಿತು ಮೊದಲ ಸಲ ಇಂಥ ಲಿವ್‌ಅಬೋರ್ಡ್ ಹತ್ತುವವರು ಎಡವುವುದು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ. ಹೊರಡುವ ಹಿಂದಿನ ರಾತ್ರಿ ಬ್ಯಾಗ್ ತೆರೆಯುತ್ತಾರೆ. ತೂಕ 30 ಕೆಜಿ ದಾಟುತ್ತದೆ. ಹಿಂದಿನ ವಾರವಷ್ಟೇ ಸರ್ವಿಸ್ ಆಗಿ ಬಂದ ರೆಗ್ಯುಲೇಟರನ್ನು (ಸಿಲಿಂಡರಿನ ಗಾಳಿಯನ್ನು ಬಾಯಿಗೆ ತರುವ ಸಾಧನ) ಬಾಯಿಗೂ ಇಟ್ಟು ನೋಡಿರುವುದಿಲ್ಲ. ನಿದ್ದೆ ಇಲ್ಲ, ನೆಗಡಿ ಶುರು. ಆಮೇಲೆ "ನನಗ್ಯಾಕೋ ಭಯ ಆಗ್ತಿದೆ" ಅಂತ ಫೋನ್ ಮಾಡುತ್ತಾರೆ. ಅದು ಭಯ ಅಲ್ಲ, ಬಾಕಿ ಉಳಿದ ಕೆಲಸ. ಬ್ಯಾಗ್ ಕಟ್ಟುವುದು ಕೊನೆಯ ಕೆಲಸ. ಅದಕ್ಕೂ ಮೊದಲು ಮಾಡಬೇಕಾದವು ಬಹಳ ಇವೆ, ಅವುಗಳಿಗೆ ಒಂದು ಸಾಲು ಇದೆ.

## ಹಂತ 1: ಎರಡು ತಿಂಗಳ ಮುಂಚೆ, ಮೈ ಮತ್ತು ಕಾಗದ

1. ಮೆಡಿಕಲ್ ಫಾರ್ಮ್. ಡೈವಿಂಗ್ ಸಂಸ್ಥೆಗಳು ಬಳಸುವ ಪ್ರಶ್ನಾವಳಿಯಲ್ಲಿ ಹತ್ತು ಮುಖ್ಯ ಪ್ರಶ್ನೆಗಳಿವೆ. ಉಬ್ಬಸ, ಹೃದಯ, ಕಿವಿ, ಸೈನಸ್, ದಿನವೂ ನುಂಗುವ ಮಾತ್ರೆ, ಹೀಗೆ. ಕೆಲವಕ್ಕೆ "ಹೌದು" ಎಂದರೆ ಸಾಕು, ವೈದ್ಯರ ಸಹಿ ಬೇಕು. 45 ವಯಸ್ಸು ದಾಟಿದವರಿಗೆ ಇನ್ನಷ್ಟು ಪ್ರಶ್ನೆಗಳಿವೆ. ಈ ಫಾರ್ಮನ್ನು ಹಡಗಿನಲ್ಲಿ ಮೊದಲ ಬಾರಿ ನೋಡಿ, ಬಿಪಿ ಮಾತ್ರೆಯ ಪ್ರಶ್ನೆ ಬಂದಾಗ ಸುಮ್ನೆ "ಇಲ್ಲ" ಅಂತ ಗೀಚುವವರನ್ನು ಕಂಡಿದ್ದೇನೆ. ಅದು ತಪ್ಪು, ಅಪಾಯ ಕೂಡ. ಈಗಲೇ ತರಿಸಿಕೊಂಡು ತುಂಬಿಸಿ.

2. ಹಲ್ಲು. ಯಾರೂ ಇದನ್ನು ಹೇಳುವುದಿಲ್ಲ. ಹಳೆಯ ಫಿಲ್ಲಿಂಗ್ ಕೆಳಗೆ ಗಾಳಿ ಸಿಕ್ಕಿಕೊಂಡಿದ್ದರೆ ಆಳದಲ್ಲಿ ಒತ್ತಡ ಬದಲಾದಾಗ ಜೀವ ಹೋಗುವಂಥ ನೋವು ಬರುತ್ತದೆ. ತಣ್ಣೀರು ಕುಡಿದಾಗ ಜುಮ್ ಅನ್ನುವ ಹಲ್ಲಿದ್ದರೆ ಈಗ ತೋರಿಸಿ, ಹೊರಡುವ ವಾರದಲ್ಲಿ ಅಲ್ಲ.

3. ಮಲೇರಿಯಾ. ಪಪುವಾ ಕಡೆ ಮಲೇರಿಯಾ ಇದೆ. ವೈದ್ಯರ ಹತ್ತಿರ ಹೋದಾಗ "ನಾನು ಡೈವ್ ಮಾಡ್ತೀನಿ" ಎಂಬ ಮಾತನ್ನು ಮೊದಲು ಹೇಳಿ. ಮೆಫ್ಲೋಕ್ವಿನ್ ಎಂಬ ಮಾತ್ರೆ ತಲೆಸುತ್ತು, ಗಾಬರಿ, ಕೆಟ್ಟ ಕನಸು ತರಬಹುದು. ನೀರಿನಲ್ಲಿ ಅವು ಬಂದರೆ ಡೈವಿಂಗ್ ಕಾಯಿಲೆಯೋ (ಬೇಗ ಮೇಲೆ ಬಂದಾಗ ದೇಹದಲ್ಲಿ ನೈಟ್ರೋಜನ್ ಗುಳ್ಳೆ ಕಟ್ಟುವುದು) ಮಾತ್ರೆಯದೋ ಗೊತ್ತಾಗುವುದಿಲ್ಲ. ಹಾಗಾಗಿ ಡೈವರ್‌ಗಳಿಗೆ ಸಾಮಾನ್ಯವಾಗಿ ಅದು ಬೇಡ ಎನ್ನುತ್ತಾರೆ. ಡಾಕ್ಸಿಸೈಕ್ಲಿನ್ ಕೊಟ್ಟರೆ ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ, ಮತ್ತು ವಾಪಸ್ ಬಂದ ಮೇಲೂ ನಾಲ್ಕು ವಾರ ನುಂಗಬೇಕು. ಮನೆಗೆ ಬಂದ ಕೂಡಲೇ ನಿಲ್ಲಿಸುವುದು ಎಲ್ಲರೂ ಮಾಡುವ ತಪ್ಪು.

4. ವಿಮೆ. ಮಾಮೂಲಿ ಟ್ರಾವೆಲ್ ಇನ್ಶೂರೆನ್ಸ್ ಅನೇಕ ಸಲ ಸ್ಕೂಬಾವನ್ನು ಹೊರಗಿಡುತ್ತದೆ, ಇಲ್ಲವೇ ಇಷ್ಟೇ ಮೀಟರ್ ಅಂತ ಮಿತಿ ಹಾಕುತ್ತದೆ. ಸಣ್ಣಕ್ಷರ ಓದಿ. ಎರಡು ಸಾಲು ಹುಡುಕಿ: ಡೈವಿಂಗ್ ಕಾಯಿಲೆಗೆ ಕೊಡುವ ಒತ್ತಡದ ಚೇಂಬರ್ ಚಿಕಿತ್ಸೆಯ ಖರ್ಚು, ಮತ್ತು ದೂರದ ದ್ವೀಪದಿಂದ ಎತ್ತಿಕೊಂಡು ಬರುವ ಖರ್ಚು. ಎರಡೂ ಇಲ್ಲದಿದ್ದರೆ ಡ್ಯಾನ್‌ನಂಥ (ಡೈವರ್ಸ್ ಅಲರ್ಟ್ ನೆಟ್‌ವರ್ಕ್) ಡೈವರ್‌ಗಳದೇ ವಿಮೆ ನೋಡಿ.

5. ಟಿಕೆಟ್. ಪಾಸ್‌ಪೋರ್ಟ್‌ಗೆ ಆರು ತಿಂಗಳ ಆಯಸ್ಸು ಬೇಕು. ಭಾರತೀಯರಿಗೆ ವೀಸಾ ಆನ್ ಅರೈವಲ್ ಇದೆ, ಮುಂಚೆಯೇ ಆನ್‌ಲೈನಲ್ಲಿ ಮಾಡಿಸಿದರೆ ಸಾಲು ತಪ್ಪುತ್ತದೆ. ಗಡಿಯಾರದ ವಿಷಯದಲ್ಲಿ ಹುಷಾರು: ಜಕಾರ್ತಾ, ಬಾಲಿ, ಸೊರೊಂಗ್ ಮೂರೂ ಬೇರೆ ಬೇರೆ ಸಮಯ. ಸೊರೊಂಗ್ ನಮಗಿಂತ ಮೂರೂವರೆ ಗಂಟೆ ಮುಂದೆ. ಹಡಗು ಹೊರಡುವ ಹಿಂದಿನ ದಿನವೇ ಸೊರೊಂಗ್ ಮುಟ್ಟುವಂತೆ ಬುಕ್ ಮಾಡಿ. ಬ್ಯಾಗ್ ಒಂದು ವಿಮಾನ ತಡವಾಗಿ ಬಂದರೂ ಕೈಗೆ ಸಿಗುತ್ತದೆ.

ಬರುವಾಗಿನ ಲೆಕ್ಕ ಬೇರೆ. ಹಲವು ದಿನ ಡೈವ್ ಮಾಡಿದ ಮೇಲೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು. ನಾನು 24 ಇಟ್ಟುಕೊಳ್ಳುತ್ತೇನೆ. ದೇಹದಲ್ಲಿ ಉಳಿದ ನೈಟ್ರೋಜನ್ ಟಿಕೆಟ್ ದರ ನೋಡುವುದಿಲ್ಲ.

## ಹಂತ 2: ಆರು ವಾರ ಮುಂಚೆ, ಸಾಮಾನಿನ ಸರ್ವಿಸ್

ಮೊದಲು ಯಾವುದು ಸ್ವಂತದ್ದು, ಯಾವುದು ಹಡಗಿನ ಬಾಡಿಗೆ ಅಂತ ತೀರ್ಮಾನಿಸಿ. ನನ್ನ ಅಭಿಪ್ರಾಯ: ಮಾಸ್ಕ್, ಡೈವ್ ಕಂಪ್ಯೂಟರ್ (ಆಳ, ಸಮಯದ ಲೆಕ್ಕ ಇಡುವ ಸಾಧನ), ವೆಟ್‌ಸೂಟ್, ಎಸ್‌ಎಂಬಿ (ನೀವಿರುವ ಜಾಗ ದೋಣಿಗೆ ಕಾಣಲು ನೀರಿನ ಮೇಲಕ್ಕೆ ಬಿಡುವ ಗಾಳಿಚೀಲ), ಈ ನಾಲ್ಕು ಸ್ವಂತದ್ದೇ ಇರಲಿ. ಬಿಸಿಡಿ (ಗಾಳಿ ತುಂಬಿ ಬಿಟ್ಟು ತೇಲುವುದನ್ನು ಹೊಂದಿಸುವ ಜಾಕೆಟ್) ಬಾಡಿಗೆಗೆ ಸಿಕ್ಕರೆ ಧಾರಾಳವಾಗಿ ತೆಗೆದುಕೊಳ್ಳಿ, ಮೂರು-ನಾಲ್ಕು ಕೆಜಿ ಉಳಿಯುತ್ತದೆ. ಮೊದಲ ಪ್ರವಾಸಕ್ಕೇ ಎಲ್ಲ ಹೊಸದಾಗಿ ಕೊಳ್ಳುವವರು ಅಲ್ಲಿ ಹೋಗಿ ಯಾವ ಬಕಲ್ ಎಲ್ಲಿ ಅಂತ ಹುಡುಕುತ್ತಾ ಕೂರುತ್ತಾರೆ.

1. ರೆಗ್ಯುಲೇಟರ್. ವರ್ಷಕ್ಕೊಮ್ಮೆ, ಅಥವಾ ಅದರ ಕೈಪಿಡಿ ಹೇಳಿದಷ್ಟು ಡೈವ್‌ಗೊಮ್ಮೆ ಸರ್ವಿಸ್. ಆದರೆ ಸರ್ವಿಸ್‌ಗೆ ಕೊಡುವುದು ಆರು ವಾರ ಮುಂಚೆ, ಒಂದು ವಾರ ಮುಂಚೆ ಅಲ್ಲ. ಬಿಚ್ಚಿ ಜೋಡಿಸಿದ ಯಂತ್ರ ಕೈಕೊಡುವುದು ಮೊದಲ ಕೆಲವು ಡೈವ್‌ಗಳಲ್ಲೇ. ನನ್ನದು ಒಮ್ಮೆ ಸರ್ವಿಸ್ ಆಗಿ ಬಂದಾಗ ಪಳಪಳ ಹೊಳೆಯುತ್ತಿತ್ತು. ಈಜುಕೊಳದಲ್ಲಿ ಮೂರು ಮೀಟರ್ ಇಳಿದರೆ ಕುತ್ತಿಗೆಯ ಹಿಂದೆ ಬುಳುಬುಳು ಸದ್ದು. ಹೋಸ್ ಕೂರುವ ಜಾಗದಲ್ಲಿ ಓ-ರಿಂಗ್ ಸಿಕ್ಕಿಹಾಕಿಕೊಂಡು ಅರ್ಧ ಕತ್ತರಿಸಿಹೋಗಿತ್ತು. ಉದ್ದಿನಕಾಳಿಗಿಂತ ಸ್ವಲ್ಪ ದೊಡ್ಡ ರಬ್ಬರ್ ಬಳೆ. ಅಲ್ಲಿ ಗೊತ್ತಾದ್ದಕ್ಕೆ ಹತ್ತು ನಿಮಿಷದಲ್ಲಿ ಸರಿಹೋಯಿತು.

ನಿಮ್ಮ ರೆಗ್ಯುಲೇಟರಿನದು ಡಿನ್ ಕನೆಕ್ಟರ್ (ಸಿಲಿಂಡರಿನೊಳಗೆ ತಿರುಗಿಸಿ ಕೂರಿಸುವ ಬಗೆ) ಆಗಿದ್ದರೆ ಹಡಗಿನ ಸಿಲಿಂಡರ್ ಯಾವ ಬಗೆ ಅಂತ ಪತ್ರ ಬರೆದು ಕೇಳಿ. ಯೋಕ್‌ಗೆ (ಸಿಲಿಂಡರಿನ ಮೇಲೆ ಹಿಡಿಕೆಯಂತೆ ಬಿಗಿಯುವ ಬಗೆ) ಹೊಂದಿಸುವ ಅಡಾಪ್ಟರ್ ಒಂದನ್ನು ಹೇಗೂ ಇಟ್ಟುಕೊಳ್ಳಿ.

2. ಬಿಸಿಡಿ. ಗಟ್ಟಿಯಾಗಿ ಊದಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮೆತ್ತಗಾಗಿದ್ದರೆ ಸೋರುತ್ತಿದೆ. ಗಾಳಿ ತುಂಬುವ ಗುಂಡಿಯನ್ನು ಇಪ್ಪತ್ತು ಸಲ ಒತ್ತಿ ಬಿಡಿ. ಒಮ್ಮೆಯಾದರೂ ವಾಪಸ್ ಬರಲು ತಡಮಾಡಿದರೆ ಉಪ್ಪು ಕಟ್ಟಿದೆ ಅಂತ ಅರ್ಥ. ನೀರಿನಲ್ಲಿ ಅದು ಸಿಕ್ಕಿಕೊಂಡರೆ ನೀವು ಬಲೂನಿನ ಹಾಗೆ ಮೇಲೇರುತ್ತೀರಿ. ಇದನ್ನು ಮುಂದೂಡಬೇಡಿ.

3. ಮಾಸ್ಕ್. ಹೊಸದಾದರೆ ಗಾಜಿನ ಮೇಲೆ ಕಾರ್ಖಾನೆಯ ತೆಳು ಪೊರೆ ಇರುತ್ತದೆ. ಬಿಳಿ ಟೂತ್‌ಪೇಸ್ಟ್ ಹಚ್ಚಿ ಬೆರಳಲ್ಲಿ ಉಜ್ಜಿ ತೊಳೆಯಿರಿ, ಮೂರ್ನಾಲ್ಕು ಸಲ. ಇಲ್ಲದಿದ್ದರೆ ಗಾಜಿಗೆ ಎಷ್ಟು ಉಗುಳಿ ಉಜ್ಜಿದರೂ ಮಂಜು ಹೋಗುವುದಿಲ್ಲ. ಕನ್ನಡಕದವರು ಪವರ್ ಗಾಜು ಹಾಕಿಸಿ. ಎಡಬಲ ಅದಲುಬದಲು ಆಗಿದೆಯೇ ಅಂತ ಮನೆಯಲ್ಲೇ ಕ್ಯಾಲೆಂಡರ್ ನೋಡಿ ಪರೀಕ್ಷಿಸಿ.

4. ವೆಟ್‌ಸೂಟ್. ಅಲ್ಲಿ ನೀರು 27ರಿಂದ 30 ಡಿಗ್ರಿ. "ಅಷ್ಟು ಬೆಚ್ಚಗಿದ್ದರೆ ಬನಿಯನ್ ಸಾಕಲ್ವಾ?" ಅಂತ ಕೇಳುತ್ತಾರೆ. ಸಾಲದು. ದಿನಕ್ಕೆ ನಾಲ್ಕು ಡೈವ್ ಮಾಡಿದರೆ ಐದನೇ ದಿನ ಮೂಳೆಯೇ ಚಳಿಯಾಡುತ್ತದೆ. ಮೈ ಪೂರ್ತಿ ಮುಚ್ಚುವ 3 ಮಿ.ಮೀ. ಸೂಟ್ ಮತ್ತು ತಲೆ ಮುಚ್ಚುವ ತೆಳು ವೆಸ್ಟ್ ತನ್ನಿ.

5. ಬ್ಯಾಟರಿ. ಡೈವ್ ಕಂಪ್ಯೂಟರಿನ ಬ್ಯಾಟರಿ ಅರ್ಧ ಇದ್ದರೂ ಈಗಲೇ ಬದಲಿಸಿ, ಜೊತೆಗೊಂದು ಹೆಚ್ಚಿಗೆ ಇರಲಿ.

## ಹಂತ 3: ನಾಲ್ಕು ವಾರ ಮುಂಚೆ, ಒದ್ದೆಯಾಗಿ

ಈ ಹಂತ ಬಿಡುವವರೇ ಜಾಸ್ತಿ, ಕೊನೆಯಲ್ಲಿ ಹೆದರುವವರೂ ಅವರೇ. ಮಳೆಗಾಲ ಅಲ್ಲದಿದ್ದರೆ ಮುರುಡೇಶ್ವರಕ್ಕೆ ಹೋಗಿ ನೇತ್ರಾಣಿಯಲ್ಲಿ ಎರಡು ಡೈವ್ ಮಾಡಿ. ಮಳೆಗಾಲದಲ್ಲಿ ಅಲ್ಲಿ ದೋಣಿ ಹೋಗುವುದಿಲ್ಲ, ಆಗ ಈಜುಕೊಳವೇ ಗತಿ. ರಾಜಾ ಅಂಪಟ್ ಸೀಸನ್ ಅಕ್ಟೋಬರಿನಿಂದ ಏಪ್ರಿಲ್. ಅಕ್ಟೋಬರಿನಲ್ಲಿ ಹೊರಡುವವರು ಕೊಳದ ಸಮಯವನ್ನು ಮುಂಚೆಯೇ ಕೇಳಿಟ್ಟುಕೊಳ್ಳಿ.

ಸುಮ್ನೆ ಈಜಾಡಿ ಬರಬೇಡಿ. ಒಯ್ಯುವ ಅದೇ ಸಾಮಾನು ಹಾಕಿಕೊಂಡು ಈ ಐದನ್ನು ಮಾಡಿ:

1. ಮಾಸ್ಕ್ ತೆಗೆದು ಒಂದು ನಿಮಿಷ ಹಾಗೇ ಉಸಿರಾಡಿ. ಆಮೇಲೆ ಹಾಕಿ ನೀರು ಹೊರಹಾಕಿ.
2. ಐದು ಮೀಟರ್ ಆಳದಲ್ಲಿ ನಿಂತು ಎಸ್‌ಎಂಬಿ ಮೇಲಕ್ಕೆ ಬಿಡಿ. ನೀವು ಅದರ ಜೊತೆ ಮೇಲೇರಿದರೆ ಅದು ಪಾಸಲ್ಲ, ಇನ್ನೊಮ್ಮೆ. ಕೊಳ ಅಷ್ಟು ಆಳವಿಲ್ಲದಿದ್ದರೆ ಇರುವಷ್ಟರಲ್ಲೇ ಮಾಡಿ.
3. ಜೊತೆಗಾರರ ಆಕ್ಟೋಪಸ್‌ನಿಂದ (ರೆಗ್ಯುಲೇಟರಿನ ಹೆಚ್ಚುವರಿ ಮೌತ್‌ಪೀಸ್) ಉಸಿರಾಡುತ್ತಾ ನಿಧಾನ ಮೇಲೆ ಬನ್ನಿ.
4. ಕೈಕಾಲು ಆಡಿಸದೆ ಮೂರು ನಿಮಿಷ ಒಂದೇ ಆಳದಲ್ಲಿ ತೇಲಿ.
5. ಸಿಲಿಂಡರ್‌ನಲ್ಲಿ 50 ಬಾರ್ ಒತ್ತಡದ ಗಾಳಿ ಉಳಿದಾಗ, ಬಿಸಿಡಿ ಖಾಲಿ ಇಟ್ಟುಕೊಂಡು, ಎಷ್ಟು ತೂಕಕ್ಕೆ ನೀರು ಕಣ್ಣಿನ ಮಟ್ಟಕ್ಕೆ ಬರುತ್ತದೆ ನೋಡಿ.

ಐದನೆಯದರ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ: ಎಷ್ಟು ಕೆಜಿ, ಯಾವ ಸೂಟ್, ಸಿಲಿಂಡರ್ ಅಲ್ಯುಮಿನಿಯಮ್ಮೋ ಸ್ಟೀಲೋ, ನೀರು ಉಪ್ಪೋ ಸಿಹಿಯೋ. ಸಿಹಿನೀರಿನ ಲೆಕ್ಕ ಸಮುದ್ರಕ್ಕೆ ಸಾಲುವುದಿಲ್ಲ, ಒಂದೆರಡು ಕೆಜಿ ಹೆಚ್ಚು ಬೇಕಾಗುತ್ತದೆ. ರಾಜಾ ಅಂಪಟ್‌ನ ಡ್ಯಾಂಪಿಯರ್ ಜಲಸಂಧಿಯಲ್ಲಿ ಸೆಳೆತ ಜೋರು. ಕೆಲವೆಡೆ ಬಿಸಿಡಿ ಖಾಲಿ ಮಾಡಿಕೊಂಡೇ ದೋಣಿಯಿಂದ ಹಿಂದಕ್ಕೆ ಉರುಳಿ, ನಿಲ್ಲದೆ ಕೆಳಗಿಳಿಯಬೇಕು. ತೂಕ ಕಡಿಮೆಯಾಗಿ ಮೇಲೆ ತೇಲುತ್ತಾ ಉಳಿದರೆ ಗುಂಪು ಒಂದು ಕಡೆ, ನೀವು ಒಂದು ಕಡೆ.

ಎಚ್ಚರಿಕೆಯ ಗುರುತು: ಮಾಸ್ಕ್ ತೆಗೆದಾಗ ಮೂಗಿನಿಂದ ನೀರೆಳೆದು ಮೇಲಕ್ಕೆ ಚಿಮ್ಮಿದಿರಾ? ಒಂದು ಸಲ ಆದರೆ ಪರವಾಗಿಲ್ಲ. ಮೂರು ಸಲವೂ ಹಾಗೇ ಆದರೆ ತರಬೇತುದಾರರ ಜೊತೆ ಇನ್ನೆರಡು ದಿನ ಕೊಳಕ್ಕಿಳಿಯಿರಿ. ಇನ್ನೂ ನಾಲ್ಕು ವಾರ ಇದೆ. ಈ ಹಂತ ಇಷ್ಟು ಮುಂಚೆ ಇರುವುದೇ ಅದಕ್ಕೆ.

## ಹಂತ 4: ಹತ್ತು ದಿನ ಮುಂಚೆ, ಚಾಪೆ ಮೇಲೆ

ಈಗ ಬ್ಯಾಗ್. ಆದರೆ ಬ್ಯಾಗಿನೊಳಗೆ ಅಲ್ಲ, ಮೊದಲು ಚಾಪೆ ಮೇಲೆ.

ಹಾಲ್‌ನಲ್ಲಿ ಚಾಪೆ ಹಾಸಿ, ನೀವು ಹಾಕಿಕೊಳ್ಳುವ ಕ್ರಮದಲ್ಲೇ ಸಾಮಾನು ಜೋಡಿಸಿ. ಕೆಳಗಡೆ ಫಿನ್ಸ್, ಬೂಟಿ. ಅದರ ಮೇಲೆ ಸೂಟ್, ಕೈಕಾಲು ಚಾಚಿ. ಎದೆಯ ಜಾಗಕ್ಕೆ ಬಿಸಿಡಿ, ಬಾಯಿಯ ಜಾಗಕ್ಕೆ ರೆಗ್ಯುಲೇಟರ್, ಮುಖಕ್ಕೆ ಮಾಸ್ಕ್, ಮಣಿಕಟ್ಟಿಗೆ ಕಂಪ್ಯೂಟರ್. ಒಬ್ಬ ಮನುಷ್ಯ ಮಲಗಿದ ಹಾಗೆ ಕಾಣಬೇಕು. ನನ್ನಮ್ಮ ಒಮ್ಮೆ ಬೆಳಿಗ್ಗೆ ಕಾಫಿ ಹಿಡಿದು ಬಂದವರು ಇದನ್ನು ನೋಡಿ "ಅಯ್ಯೋ, ಇದೇನೋ ಇದು!" ಅಂತ ಕಿರುಚಿದರು. ಆದರೆ ಪಟ್ಟಿ ನೋಡಿ ಟಿಕ್ ಹಾಕುವುದಕ್ಕಿಂತ ಇದು ಮೇಲು. ಪಟ್ಟಿಯಲ್ಲಿ ಬರೆಯಲು ಮರೆತದ್ದು ಪಟ್ಟಿಯಲ್ಲಿ ಕಾಣುವುದಿಲ್ಲ, ಎಡಗಾಲಿಗೆ ಬೂಟಿ ಇಲ್ಲದ್ದು ಚಾಪೆ ಮೇಲೆ ಕಂಡೇ ಕಾಣುತ್ತದೆ. ಒಂದು ಫೋಟೊ ತೆಗೆಯಿರಿ. ಬ್ಯಾಗ್ ಕಳೆದರೆ ದೂರು ಕೊಡಲೂ ಬೇಕಾಗುತ್ತದೆ.

1. ಎರಡು ಪಾಲು. "ದೊಡ್ಡ ಬ್ಯಾಗ್ ಬರಲೇ ಇಲ್ಲ" ಎಂದುಕೊಂಡು ಪಾಲು ಮಾಡಿ. ಮಾಸ್ಕ್, ರೆಗ್ಯುಲೇಟರ್, ಕಂಪ್ಯೂಟರ್, ಈಜುಡುಗೆ, ಒಂದು ಜೊತೆ ಬಟ್ಟೆ, ಎಲ್ಲ ಔಷಧಿ, ಕಾಗದಪತ್ರ ಕೈಚೀಲಕ್ಕೆ. ಉಳಿದದ್ದು ಹಡಗಿನಲ್ಲಿ ಎರವಲು ಸಿಗುತ್ತದೆ. ನಿಮ್ಮ ಮುಖಕ್ಕೆ ಕೂರುವ ಮಾಸ್ಕ್ ಸಿಗುವುದಿಲ್ಲ.

2. ಬ್ಯಾಟರಿ. ಬಿಡಿ ಲಿಥಿಯಂ ಬ್ಯಾಟರಿ ಮತ್ತು ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಬ್ಯಾಗಿಗೆ ಹಾಕುವಂತಿಲ್ಲ. 100 ವ್ಯಾಟ್-ಅವರ್ ಒಳಗಿದ್ದರೆ ಸಾಮಾನ್ಯವಾಗಿ ತೊಂದರೆ ಇಲ್ಲ, 100ರಿಂದ 160ಕ್ಕೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. 20,000 ಎಂಎಎಚ್ ಪವರ್ ಬ್ಯಾಂಕ್ ಅಂದರೆ ಸುಮಾರು 74 ವ್ಯಾಟ್-ಅವರ್. ಟಾರ್ಚಿನಿಂದ ಬ್ಯಾಟರಿ ಹೊರತೆಗೆದು, ತುದಿಗಳಿಗೆ ಟೇಪ್ ಸುತ್ತಿ. ಡೈವ್ ಟಾರ್ಚ್ ಅಪ್ಪಿತಪ್ಪಿ ಹೊತ್ತಿಕೊಂಡರೆ ಬ್ಯಾಗ್ ಸುಡುವಷ್ಟು ಬಿಸಿಯಾಗುತ್ತದೆ.

3. ಕೈಚೀಲದಲ್ಲಿ ಇರಬಾರದ್ದು. ಚಾಕು, ಲೈನ್ ಕಟರ್, ಸ್ಪ್ಯಾನರ್. ಇವು ದೊಡ್ಡ ಬ್ಯಾಗಿಗೆ.

4. ಮನೆಯಲ್ಲೇ ಬಿಡಬೇಕಾದ್ದು. ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಸಾಧನ. ವಿದೇಶದ ಡೈವರ್‌ಗಳು ಇದನ್ನು ಹೊಗಳುವುದು ಕೇಳಿ ಕೊಳ್ಳಬೇಡಿ. ಸರ್ಕಾರದ ಅನುಮತಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದು ಭಾರತದಲ್ಲಿ ಅಪರಾಧ. ವಿಮಾನ ನಿಲ್ದಾಣದಲ್ಲೇ ಹಿಡಿದ ಪ್ರಕರಣಗಳಿವೆ.

5. ರಿಪೇರಿ ಡಬ್ಬಿ. ಹಳೆಯ ಟಿಫಿನ್ ಡಬ್ಬಿ ಸಾಕು. ಓ-ರಿಂಗ್‌ಗಳು, ಮೌತ್‌ಪೀಸ್ ಒಂದು, ಅದನ್ನು ಬಿಗಿಯುವ ಜಿಪ್ ಟೈ, ಮಾಸ್ಕ್ ಪಟ್ಟಿ, ಫಿನ್ ಪಟ್ಟಿ, ಅಲೆನ್ ಕೀ, ಸಿಲಿಕಾನ್ ಗ್ರೀಸ್, ಗಟ್ಟಿ ದಾರ. ಎರಡನೇ ಮಾಸ್ಕ್ ಇದ್ದರೆ ದೊಡ್ಡ ಬ್ಯಾಗಿಗೆ.

6. ಔಷಧಿ. ವಾಂತಿ ಮಾತ್ರೆಯನ್ನು ಹಡಗಿನಲ್ಲಿ ಮೊದಲ ಸಲ ನುಂಗಬೇಡಿ. ಸಿನಾರಿಜಿನ್, ಪ್ರೊಮೆಥಜಿನ್ ಎರಡೂ ನಿದ್ದೆ ತರುತ್ತವೆ, ಎರಡನೆಯದು ಇನ್ನೂ ಜಾಸ್ತಿ. ವೈದ್ಯರನ್ನು ಕೇಳಿ, ಮನೆಯಲ್ಲಿ ಒಂದು ಭಾನುವಾರ ನುಂಗಿ ನೋಡಿ. ಮಧ್ಯಾಹ್ನವೆಲ್ಲ ತೂಕಡಿಸಿದರೆ ಡೈವ್‌ಗೆ ಆ ಮಾತ್ರೆ ಆಗದು. ಎಲ್ಲದಕ್ಕೂ ವೈದ್ಯರ ಚೀಟಿ ಜೊತೆಗಿರಲಿ.

7. ಬಟ್ಟೆ, ತಿಂಡಿ. ಹಡಗಿನಲ್ಲಿ ಬರಿಗಾಲು, ಮೂರು ಟಿ-ಶರ್ಟ್, ಎರಡು ಚಡ್ಡಿ, ಒಂದು ವಿಂಡ್‌ಚೀಟರ್ ಸಾಕು. ಒಂದು ಲುಂಗಿ ಒಯ್ಯಿರಿ. ಒರೆಸಿಕೊಳ್ಳಲು, ಬಟ್ಟೆ ಬದಲಿಸಲು, ಹೊದೆಯಲು ಎಲ್ಲಕ್ಕೂ ಆಗುತ್ತದೆ, ಅರ್ಧ ಗಂಟೆಯಲ್ಲಿ ಒಣಗುತ್ತದೆ. ದುಬಾರಿ ಮೈಕ್ರೋಫೈಬರ್ ಟವೆಲ್ ನನಗಂತೂ ಹಿಡಿಸಲಿಲ್ಲ. ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ಹೇಳಿ, "ತೆರಾಸಿ ಬೇಡ" ಅಂತಲೂ ಹೇಳಿ. ಅದು ಸೀಗಡಿಯ ಹಿಂಡಿ, ಅಲ್ಲಿನ ಸಂಬಲ್ ಚಟ್ನಿಗಳಲ್ಲಿ ಸದ್ದಿಲ್ಲದೆ ಸೇರಿರುತ್ತದೆ. ಚಟ್ನಿಪುಡಿ ಒಯ್ಯಬಹುದು, ಉಪ್ಪಿನಕಾಯಿ ಬೇಡ. ಎಣ್ಣೆ ಸೋರಿ ವೆಟ್‌ಸೂಟಿಗೆ ಇಳಿದರೆ ವಾಸನೆ ಹೋಗುವುದಿಲ್ಲ.

8. ತೂಕ. ನೇತುಹಾಕುವ ತಕ್ಕಡಿಯಲ್ಲಿ ತೂಗಿ. ರೆಗ್ಯುಲೇಟರ್, ಬಿಸಿಡಿ, ಫಿನ್ಸ್, ಸೂಟ್ ಸೇರಿದರೆ 10 ಕೆಜಿ ಆಸುಪಾಸು. ನೋಡಬೇಕಾದ್ದು ಬೆಂಗಳೂರು ವಿಮಾನದ ಮಿತಿಯಲ್ಲ, ಸೊರೊಂಗ್‌ಗೆ ಹೋಗುವ ಒಳನಾಡಿನ ವಿಮಾನದ್ದು. ಅದೇ ಚಿಕ್ಕದಿರುತ್ತದೆ. ಮಿತಿಗಿಂತ ಎರಡು ಕೆಜಿ ಕಡಿಮೆ ಇಡಿ, ಬರುವಾಗ ಸೂಟ್ ಒದ್ದೆ ಇರುತ್ತದೆ.

ದುಬಾರಿ ಕ್ಯಾಮೆರಾ ಇದ್ದರೆ ಹೊರಡುವಾಗಲೇ ವಿಮಾನ ನಿಲ್ದಾಣದ ಕಸ್ಟಮ್ಸ್ ಕೌಂಟರಿನಲ್ಲಿ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿ, ಬಿಲ್ಲಿನ ಪ್ರತಿಯೂ ಇರಲಿ. ವಾಪಸ್ ಬಂದಾಗ "ಅಲ್ಲಿ ಕೊಂಡದ್ದಲ್ಲ" ಎಂದು ವಾದಿಸುತ್ತಾ ನಿಲ್ಲುವುದು ತಪ್ಪುತ್ತದೆ.

## ಹಂತ 5: ಕೊನೆಯ ವಾರ, ಎದೆ ಢವಢವ

ರಾತ್ರಿ ಮೂರಕ್ಕೆ ಎಚ್ಚರವಾಗುತ್ತದೆ. "ಫಿನ್ ಪಟ್ಟಿ ಹಾಕಿದೆನಾ?" ಅಂತ ಎದ್ದು ಬ್ಯಾಗ್ ಬಿಚ್ಚುತ್ತೀರಿ. ಬಿಚ್ಚಿದ ಮೇಲೆ ನಾಲ್ಕು ಸಾಮಾನು ಹೊರಗೆ ಉಳಿಯುತ್ತವೆ. ಹೆಚ್ಚಿನವರು ಏನಾದರೂ ಮರೆಯುವುದು ಹೀಗೆಯೇ. ಬ್ಯಾಗ್ ಮುಚ್ಚಿದ ಮೇಲೆ ಜಿಪ್‌ಗೆ ಒಂದು ದಾರ ಕಟ್ಟಿ. ಅನುಮಾನ ಬಂದರೆ ಚಾಪೆಯ ಫೋಟೊ ನೋಡಿ, ದಾರ ಬಿಚ್ಚಬೇಡಿ.

ಆಮೇಲೆ ಹಗಲಿನಲ್ಲಿ, ಕಾಫಿ ಕುಡಿಯುತ್ತಾ, ಒಂದು ಹಾಳೆ ತೆಗೆದುಕೊಳ್ಳಿ.

1. ಹೆದರಿಕೆಗಳನ್ನು ಒಂದರ ಕೆಳಗೊಂದು ಬರೆಯಿರಿ. ನಾಚಿಕೆ ಬೇಡ. "ಎಲ್ಲರೂ ನನಗಿಂತ ಚೆನ್ನಾಗಿ ಮಾಡ್ತಾರೆ" ಎನ್ನುವುದನ್ನೂ ಬರೆಯಿರಿ.
2. ಹೊರಡುವುದರೊಳಗೆ ಏನಾದರೂ ಮಾಡಬಹುದಾದ್ದರ ಎದುರು ಕೆಲಸವನ್ನೂ ದಿನವನ್ನೂ ಬರೆಯಿರಿ. "ಮಾಸ್ಕ್ ತುಂಬಿದರೆ?" ಎದುರು "ಶನಿವಾರ, ಕೊಳ".
3. ಇಲ್ಲಿ ಏನೂ ಮಾಡಲಾಗದ್ದನ್ನು "ಗೈಡ್‌ಗೆ ಹೇಳಬೇಕು" ಅಂತ ಗುರುತಿಸಿ. ಸೆಳೆತ, ಬೇಗ ಗಾಳಿ ಖಾಲಿಯಾಗುವುದು, ಕಿವಿ ನಿಧಾನ ಬಿಡುವುದು ಇಲ್ಲಿಗೆ ಬರುತ್ತವೆ.
4. ಉಳಿದದ್ದನ್ನು ಹೊಡೆದುಹಾಕಿ. ಶಾರ್ಕ್ ಇದರಲ್ಲಿ. ಅಲ್ಲಿ ಹವಳದ ಚಪ್ಪರದ ಕೆಳಗೆ ವೊಬೆಗಾಂಗ್ ಎಂಬ ಕುಚ್ಚುಗಡ್ಡದ ಶಾರ್ಕ್ ಕಂಬಳಿಯ ಹಾಗೆ ಬಿದ್ದುಕೊಂಡಿರುತ್ತದೆ. ನೋಡದೆ ಕೈ ಊರದಿದ್ದರೆ ಅದರ ಪಾಡಿಗೆ ಅದು.

ಮೂರನೇ ಗುಂಪನ್ನು ನಿಜವಾಗಿ ಓದಿ ಹೇಳಬೇಕು. "ನನಗೆ ಅರವತ್ತು ಡೈವ್ ಆಗಿದೆ, ಜೋರು ಸೆಳೆತದಲ್ಲಿ ಅನುಭವ ಇಲ್ಲ" ಎಂದು ಮೊದಲ ಸಂಜೆಯೇ ಹೇಳಿದರೆ ಗೈಡ್ ನಿಮ್ಮನ್ನು ಸರಿಯಾದ ಗುಂಪಿಗೆ ಹಾಕುತ್ತಾರೆ. ಮರೆಮಾಚಿದರೆ ಅವರಿಗೆ ನೀರಿನಡಿ ಗೊತ್ತಾಗುತ್ತದೆ, ಆಗ ತಡ. ಇನ್ನೊಂದು ನಿಯಮವನ್ನು ಮನಸ್ಸಿಗೆ ಹಾಕಿಕೊಳ್ಳಿ: ಯಾರು ಬೇಕಾದರೂ, ಯಾವಾಗ ಬೇಕಾದರೂ, ಕಾರಣ ಹೇಳದೆ ಡೈವ್ ಬೇಡ ಅನ್ನಬಹುದು. ನೀರಿನಲ್ಲಿ ಹೆಬ್ಬೆರಳು ಮೇಲೆತ್ತಿದರೆ "ಸೂಪರ್" ಅಂತ ಅಲ್ಲ, "ಮೇಲೆ ಹೋಗೋಣ" ಅಂತ. ಎಲ್ಲರೂ ಪಾಲಿಸಲೇಬೇಕು.

ಮನೆಯವರ ಹೆದರಿಕೆಗೂ ಕೆಲಸ ಇದೆ. ಹಡಗಿನ ಹೆಸರು, ಕಂಪನಿಯ ನಂಬರ್, ವಿಮೆಯ ತುರ್ತು ನಂಬರ್, ವಾಪಸ್ ದಿನ, ಇವನ್ನು ಬರೆದು ಫ್ರಿಜ್ ಮೇಲೆ ಅಂಟಿಸಿ. "ಮಿಸೂಲ್ ದ್ವೀಪದ ಕಡೆ ಹೋದಾಗ ಮೂರ್ನಾಲ್ಕು ದಿನ ಫೋನ್ ಸಿಗೋದಿಲ್ಲ, ಅದು ಮಾಮೂಲು" ಅಂತ ಮೊದಲೇ ಹೇಳಿ. ಹೇಳದೆ ಹೋಗಿ, ಐದನೇ ದಿನ ಸಿಗ್ನಲ್ ಬಂದಾಗ ನಲವತ್ತು ಮಿಸ್ಡ್ ಕಾಲ್ ನೋಡಿದವನು ನಾನು.

ಮಾಮೂಲು ಪುಕುಪುಕು ಅಲ್ಲದ್ದು: ಕೊಳದಲ್ಲಿ ಪ್ರತಿ ಸಲ ಗಾಬರಿ, ಎದೆನೋವು ಅಥವಾ ಮೆಟ್ಟಿಲು ಹತ್ತಿದರೆ ಏದುಸಿರು, ಜೊತೆಗಾರರ ಒತ್ತಾಯಕ್ಕಷ್ಟೇ ಹೊರಟಿದ್ದೇನೆ ಎಂಬ ಭಾವನೆ. ಎದೆಯದ್ದಾದರೆ ವೈದ್ಯರ ಹತ್ತಿರ ಆ ದಿನವೇ ಹೋಗಿ. ಉಳಿದ ಎರಡಕ್ಕೆ ಪ್ರವಾಸ ಮುಂದೂಡುವುದೇ ಸರಿ. ದುಡ್ಡು ಹೋಗುತ್ತದೆ, ಹೋಗಲಿ.

## ಹಂತ 6: ಕೊನೆಯ 48 ಗಂಟೆ

ಹೊಸದೇನೂ ಕೊಳ್ಳಬೇಡಿ. ಮದುವೆ ಮನೆ, ನೆಗಡಿ ಮಕ್ಕಳು, ಎರಡರಿಂದಲೂ ದೂರ ಇರಿ. ಮೂಗು ಕಟ್ಟಿದ್ದರೆ ಮಾತ್ರೆ ನುಂಗಿ ಡೈವ್ ಮಾಡಿದರಾಯಿತು ಎಂದುಕೊಳ್ಳಬೇಡಿ. ಆಳದಲ್ಲಿರುವಾಗ ಮಾತ್ರೆಯ ಬಲ ಇಳಿದರೆ ಮೇಲೇರುವಾಗ ಗಾಳಿ ಕಿವಿಯೊಳಗೇ ಸಿಕ್ಕಿಕೊಳ್ಳುತ್ತದೆ. ಇಂಡೋನೇಷ್ಯಾ ರುಪಾಯಿ ನಗದು ಇಟ್ಟುಕೊಳ್ಳಿ, ಸಾಗರ ಉದ್ಯಾನದ ಶುಲ್ಕ, ಹಡಗಿನ ಹುಡುಗರ ಟಿಪ್ಸ್ ಎಲ್ಲಕ್ಕೂ ಬೇಕು. ಡೈವಿಂಗ್ ಕಾರ್ಡ್, ನೈಟ್ರಾಕ್ಸ್ (ಆಮ್ಲಜನಕ ಹೆಚ್ಚಿರುವ ಗಾಳಿ) ಕಾರ್ಡ್, ವಿಮೆ, ಮೆಡಿಕಲ್ ಫಾರ್ಮ್ ಇವುಗಳ ಫೋಟೊ ಫೋನಿನಲ್ಲಿ ಆಫ್‌ಲೈನ್ ಉಳಿಸಿ.

## ಹಂತ 7: ಹಡಗಿನ ಮೊದಲ ದಿನ

ಸಾಮಾನನ್ನು ಅದೇ ಚಾಪೆಯ ಕ್ರಮದಲ್ಲಿ ನಿಮ್ಮ ಬುಟ್ಟಿಗೆ ಇಳಿಸಿ. ರೆಗ್ಯುಲೇಟರ್ ಜೋಡಿಸಿ, ಸಿಲಿಂಡರ್ ತೆರೆದು, ಎರಡೂ ಮೌತ್‌ಪೀಸ್‌ಗಳಿಂದ ಉಸಿರೆಳೆಯುತ್ತಾ ಒತ್ತಡದ ಮೀಟರಿನ ಮುಳ್ಳು ನೋಡಿ. ಉಸಿರೆಳೆದಾಗ ಮುಳ್ಳು ಕುಣಿದರೆ ಸಿಲಿಂಡರಿನ ಕೀಲಿ ಪೂರ್ತಿ ತೆರೆದಿಲ್ಲ. ನೈಟ್ರಾಕ್ಸ್ ಬಳಸುವುದಾದರೆ ಪ್ರತಿ ಸಿಲಿಂಡರನ್ನೂ ನೀವೇ ಅಳೆಯಿರಿ. ಆಮ್ಲಜನಕ ಶೇ. 32 ಬಂದರೆ ಆಳದ ಮಿತಿ ಸುಮಾರು 33 ಮೀಟರ್, ಅಳೆದ ಶೇಕಡಾವನ್ನು ಕಂಪ್ಯೂಟರಿಗೂ ಹಾಕಿ.

ಮೊದಲ ಡೈವ್ ಸಾಮಾನ್ಯವಾಗಿ ಸೆಳೆತವಿಲ್ಲದ ಸುಲಭದ ಜಾಗದಲ್ಲಿ ಇರುತ್ತದೆ. ತೂಕ, ಮಾಸ್ಕ್, ಕಿವಿ ನೋಡಿಕೊಳ್ಳುವುದಕ್ಕೇ ಅದು. ಆ ಡೈವ್‌ಗೆ ಕ್ಯಾಮೆರಾ ಒಯ್ಯಬೇಡಿ.